ಉತ್ತರಕ್ಕೆ ತಲೆ ಹಾಕದ ಊರು

ಎಪ್ಪತ್ತರ ದಶಕದಲ್ಲಿ ನಾನು ದಿನಾ ಜೋರಾಪುರ ಪೇಟೆಯಿಂದ ತಿಕೋಟಾದ ಹೆಣ್ಣುಮಕ್ಕಳ ಶಾಲೆಗೆ ಬಸ್ಸಿನಲ್ಲಿ ಹೋಗಿ ಭೂಗೋಳ ಕಲಿಸುತ್ತಿದ್ದೆ. ನೌಕರಿ ಇನ್ನೂ ಹಂಗಾಮಿ. ಬೇಸಿಗೆ ರಜೆಯೊಳಗೆ ಕಾಯಂ ಆಗದಿದ್ದರೆ ಮನೆಯಲ್ಲೇ ಇರಬೇಕೆಂದು ಅಬ್ಬಾನ ಕರಾರು. ಅಬ್ಬಾ ಕೆಟ್ಟವರಲ್ಲ. ಆದರೆ ಕಿಟಕಿ ಪಕ್ಕ ಕೂತು ಎರೆಹೊಲದ ಬಿಳಿಜೋಳ ನೋಡುತ್ತ ಹೋಗುವ ಸುಖ ಅವರಿಗೇನು ಗೊತ್ತು? ಅದನ್ನು ಬಿಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನನ್ನನ್ನು ಕಾಯಂ ಮಾಡುವುದೂ ಬಿಡುವುದೂ ಅವರ ಕೈಯಲ್ಲಿತ್ತು. ಊರಿನ ನಕಾಶೆ ಬರೆದು ತರಲು ಹುಡುಗಿಯರಿಗೆ ಹೇಳಿದೆ. ಮರುದಿನ ನೋಡಿದರೆ ಎಲ್ಲರ ಹಾಳೆಯಲ್ಲೂ ದಕ್ಷಿಣ ಮೇಲೆ, ಉತ್ತರ ಕೆಳಗೆ!

"ಏನ ಬೇ ಇದು?" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಉತ್ತರಕ್ಕ ತಲಿ ಹಾಕಬಾರದ್ರಿ ಅಕ್ಕೋರ," ಎಂದಳು ಎರಡು ಜಡೆಯ ಹುಡುಗಿ. "ನಾವೂ ಹಂಗ ಮಲಗಂಗಿಲ್ಲ. ಇಡೀ ಊರನ್ನ ಹಂಗ ಮಲಗಿಸಿದ್ರ ಛಂದೇನ್ರಿ?"

"ಮತ್ತ ಪೂರ್ವಕ್ಕ ತಲಿ ಹಾಕಬೇಕಿಲ್ಲೋ?"

ಅವಳ ಪಕ್ಕದ ಗೆಳತಿ ದುಪಟ್ಟಾ ಸರಿಮಾಡಿಕೊಂಡು ಎದ್ದಳು. "ಹಂಗಾದ್ರ ಕಾಲು ಪಶ್ಚಿಮಕ್ಕ ಬರತಾವ್ರಿ, ಕಾಬಾದ ಕಡಿ. ಮನ್ಯಾಗ ಬೈತಾರ. ಅದಕ್ಕ ಎಲ್ಲಾರೂ ಕೂಡಿ ದಕ್ಷಿಣ ಪಾಸ್ ಮಾಡೀವಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತುಬಿಟ್ಟೆ. ನಾನು ಪಶ್ಚಿಮಕ್ಕೆ ಕಾಲು ಚಾಚಿ ಮಲಗಿದರೆ ನನ್ನ ದಾದಿ, ಅಂದರೆ ಅಬ್ಬಾನ ತಾಯಿ, ಮಂಚವನ್ನೇ ತಿರುಗಿಸುತ್ತಿದ್ದಳು.

ಮತ್ತೆ ಬರೆಸಬಹುದಿತ್ತು. ಆದರೆ ಕಾಲೇಜಿನಲ್ಲಿ ನಮ್ಮ ಪ್ರಾಧ್ಯಾಪಕರು ಒಂದು ಮಧ್ಯಾಹ್ನ ಹೇಳಿದ್ದು ನೆನಪಾಯಿತು. ಹಿಂದೆ ಅರಬರು ದಕ್ಷಿಣವನ್ನು ಮೇಲಿಟ್ಟು ನಕಾಶೆ ಬರೆಯುತ್ತಿದ್ದರಂತೆ. ಯುರೋಪಿನ ಪಾದ್ರಿಗಳು ಪೂರ್ವವನ್ನು ಮೇಲಿಟ್ಟರಂತೆ. ಉತ್ತರ ಮೇಲೆ ಕೂತದ್ದೂ ಬರೀ ರೂಢಿ. ಭೂಮಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಎರಡನ್ನೂ ಹಚ್ಚಿದವರು ನಾವು. ಅಂದು ಬಾಯಿಪಾಠ ಮಾಡಿದ ಮಾತು ನನ್ನ ತರಗತಿಯಲ್ಲಿ ಹೀಗೆ ಎದ್ದು ನಿಂತಿತ್ತು. ಖುಷಿಯಿಂದ ನಕಾಶೆಗಳನ್ನೆಲ್ಲ ಹಾಗೇ ಗೋಡೆಗೆ ಅಂಟಿಸಿದೆ.

ಸಾಹೇಬರು ಬಂದರು, ನೋಡಿದರು, ಹುಬ್ಬು ಗಂಟಿಕ್ಕಿದರು. "ಉತ್ತರ ಮ್ಯಾಲ ಇರಬೇಕಂತ ಕಲಿಸಿಲ್ಲೇನ್ರಿ?"

"ಕಲಿಸೀನ್ರಿ. ಅದು ರೂಢಿ ಅಂತನೂ ಕಲಿಸೀನಿ," ಎಂದೆ. ಬಸ್ಸು, ಕಿಟಕಿ, ಜೋಳ ಎಲ್ಲವೂ ಕಣ್ಣ ಮುಂದೆ ಬಂದವು.

ಅವರು ಎರಡು ಜಡೆಯವಳನ್ನು ಕರೆದರು. "ಇದರಾಗ ಬಬಲೇಶ್ವರದ ದಾರಿ ತೋರಸು ನೋಡೂಣು."

ಅವಳು ತನ್ನ ನಕಾಶೆ ಕಿತ್ತು ಅವರ ಕೈಗೆ ಕೊಟ್ಟು, ಬಾಗಿಲ ಹೊಸ್ತಿಲ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ನಮ್ಮ ಬಾಗಿಲು ದಕ್ಷಿಣಕ್ಕಿತ್ತು. ಸಾಹೇಬರು ಅಭ್ಯಾಸಬಲದಿಂದ ಹಾಳೆ ತಿರುಗಿಸಿದರು, ಅಕ್ಷರಗಳೆಲ್ಲ ತಲೆಕೆಳಗಾದವು. ಮತ್ತೆ ತಿರುಗಿಸಿದರು. ಹಾಳೆಯ ಎಡಕ್ಕೆ ಮಸೀದಿ, ಕಣ್ಣೆದುರಿಗೂ ಎಡಕ್ಕೇ ಮಸೀದಿ. ಬಲಕ್ಕೆ ಹನುಮಪ್ಪನ ಗುಡಿ, ಅಲ್ಲಿಯೂ ಬಲಕ್ಕೆ. ಮುಂದೆ ಎಡಕ್ಕೆ ವಾಲಿದ ದಾರಿಯ ಮೇಲೆ ಎತ್ತಿನ ಗಾಡಿಯೊಂದು ನಿಜವಾಗಿಯೂ ಹೊರಟಿತ್ತು.

"ಆ ಗಾಡಿ ಹಿಂದ ಹೋಗ್ರಿ ಸರ, ಬಬಲೇಶ್ವರ ಬರತೈತಿ," ಎಂದಳು ಹುಡುಗಿ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಕಾಶೆಯನ್ನು ಅವಳಿಂದ ಕೇಳಿ ಪಡೆದರು. ಹೊರಡುವಾಗ ನಮ್ಮ ಮುಖ್ಯೋಪಾಧ್ಯಾಯಿನಿಗೆ, "ಇವರನ್ನ ಕಾಯಂ ಮಾಡೂಣ್ರಿ," ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ನನ್ನ ದಾದಿಗೆ ಸಿಟ್ಟು ಬಂದರೆ ಉರ್ದು, ಖುಷಿಯಾದರೆ ಕನ್ನಡ. ಸಂಜೆ ಎಲ್ಲ ಕೇಳಿ, "ಆ ನಕಾಶ್ಯಾಗ ಪಶ್ಚಿಮ ಯಾವ ಕೈಗೆ ಬಂತು?" ಎಂದಳು.

"ಬಲಗೈಗೆ."

"ಕೇಳಿದೇನೋ?" ಎಂದು ಅಬ್ಬಾನ ಕಡೆ ತಿರುಗಿದಳು. "ಕಾಬಾದ ಕಡಿ ಬಲಗೈಗೆ ಬಂದೈತಿ. ಇನ್ನ ಹುಡುಗಿನ್ನ ಮನ್ಯಾಗ ಕೂಡಸೂ ಮಾತು ತಗೀಬ್ಯಾಡ."

ಮರುದಿನ ಬೆಳಿಗ್ಗೆ ಅಬ್ಬಾ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದರು. ತಿಕೋಟಾ ಬಸ್ಸು ನಿಲ್ಲುವ ಮೊದಲೇ ಹೆಗಲ ಟವೆಲ್ ಕೈಗೆ ತೆಗೆದುಕೊಂಡು, ಜನರನ್ನು ನೂಕಿಕೊಂಡು ಮುಂದೆ ಹೋಗಿ, ಹಿಂತಿರುಗಿ ಕೂಗಿದರು:

"ಯಾವ ಕಡಿ ಕಿಟಕಿ ಹಿಡೀಲಿ, ಬೇಟಿ?"

"ದಕ್ಷಿಣದ ಕಡಿ!" ಎಂದೆ.