ಕುಂಕುಮದ ಮೇಣ ಮತ್ತು ಪೆಟ್ರೋಲಿನ ವಾಸನೆ

ಚಿಕ್ಕಪ್ಪನ ಹೆಂಡತಿ ಕಾಕುವಿನ ಮೇಣದ ಭರಣಿಯಲ್ಲಿ ಹೆಬ್ಬೆರಳು ಹೋಗುವಷ್ಟು ಕುಳಿ ಬಿದ್ದಿತ್ತು. ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚಿಕೊಳ್ಳುವ ಮೇಣ ಅದು. ಬೆರಳ ತುದಿ ಸವರಿದರೆ ಸಾಕು, ಒಂದು ಭರಣಿ ವರ್ಷಗಟ್ಟಲೆ ಬರುತ್ತದೆ. ಕುಳಿಯನ್ನು ನೋಡಿಯೂ ನಾನು ಏನನ್ನೂ ಕೇಳಲಿಲ್ಲ. ಆ ವಾರ ನನ್ನ ತಲೆಯಲ್ಲಿದ್ದದ್ದು ಪೆಟ್ರೋಲಿನ ವಾಸನೆ ಒಂದೇ.

ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ತಂದೆ ತೀರಿಕೊಂಡ ಮೇಲೆ ನಾನು ಬ್ಯಾಡಗಿಯಲ್ಲಿ ಅಪ್ಪನ ತಮ್ಮ ಕಾಕಾನ ಮನೆಯಲ್ಲಿದ್ದೆ. ಅವರದು ಮೆಣಸಿನಕಾಯಿ ವ್ಯಾಪಾರ, ಒಂದು ಹಳೆಯ ಮೋಟಾರು ಕಾರೂ ಇತ್ತು, ಅದಕ್ಕೆ ನಾನು ಮಾಮಾ ಎಂದು ಕರೆಯುವ ಡ್ರೈವರಿದ್ದರು. ಬಿ.ಎಸ್‌ಸಿ. ಮುಗಿಸಿ ವರ್ಷವಿಡೀ ಮನೆಯಲ್ಲಿ ಕುಳಿತಿದ್ದ ನನಗೆ ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯಿಂದ ಮೊದಲ ಸಂದರ್ಶನದ ಕರೆ ಬಂದಿತ್ತು: ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ. ರೈಲು ಅಷ್ಟು ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಹಿಂದಿನ ದಿನವೇ ಹೋಗಿ ಉಳಿಯಲು ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಮೋಟಾರಿನಲ್ಲಿ ಕಳಿಸಲು ಕಾಕಾ ಒಪ್ಪಿದ್ದರು.

ಗುರುವಾರ ಮೋಟಾರಿನ ಹತ್ತಿರ ಹೋದಾಗ ವಾಸನೆ ಬಡಿಯಿತು. ಹೇಳಿದೆ.

“ಮೆಣಸಿನಕಾಯಿ ಘಾಟು ಅದು,” ಎಂದರು ಕಾಕಾ. ಚೀಲಗಳ ನಡುವೆ ದಿನ ಕಳೆಯುವ ಅವರ ಮೂಗಿಗೆ ಬೇರೇನೂ ಹತ್ತುತ್ತಿರಲಿಲ್ಲ.

ಡ್ರೈವರ್ ಮಾಮಾ ನಕ್ಕರು. “ಪೆಟ್ರೋಲ್ ಗಾಡಿ ಪೆಟ್ರೋಲ್ ನಾರದ, ಅತ್ತರ ನಾರ್ತೈತೇನ್ರಿ, ಅಕ್ಕಾರ?”

ಶುಕ್ರವಾರ ನಾನೇ ನೋಡಿದೆ. ಇಂಜಿನ್ ತಣ್ಣಗಿರುವಾಗಲೂ ವಾಸನೆ ಇತ್ತು. ಮುಂದಿಗಿಂತ ಹಿಂದೆ ಹೆಚ್ಚು. ಸಂಜೆ ಹಿಂಬದಿಯ ಪೆಟ್ರೋಲು ಟಾಕಿಯ ಕೆಳಗೆ ಹಳೆಯ ಪತ್ರಿಕೆ ಹಾಸಿದೆ. ಶನಿವಾರ ಬೆಳಿಗ್ಗೆ ಅದರ ನಡುವೆ ಅಂಗೈ ಅಗಲ ಒದ್ದೆಯಾಗಿತ್ತು. ಬಗ್ಗಿ ನೋಡಿದರೆ ಟಾಕಿಯ ಬೆಸುಗೆಯ ಗುಂಟ ಏನೋ ಮೆತ್ತಿದ್ದರು. ಮುಟ್ಟಿದೆ. ಬೆರಳಿಗೆ ಜಿಡ್ಡು, ಅದರಲ್ಲಿ ಕುಂಕುಮದ ಕೆಂಪು ಎಳೆ. ಭರಣಿಯ ಕುಳಿ ನೆನಪಾಯಿತು.

“ಬಿರುಕು ಬಿಟ್ಟೈತ್ರಿ,” ಎಂದರು ಡ್ರೈವರ್ ಮಾಮಾ, ಮುಚ್ಚಿಡುವಂಥದ್ದೇನಲ್ಲ ಎಂಬಂತೆ. “ನಿಮ್ಮ ಕಾಕು ಬಾಯಾರ ಕಡೆ ಮ್ಯಾಣ ಇಸ್ಕೊಂಡು ದಿನಾ ಮೆತ್ತಾಕತ್ತೇನಿ. ನಿಲ್ಲವಲ್ದು.”

“ಮ್ಯಾಣ ಪೆಟ್ರೋಲಿನ್ಯಾಗ ಕರಗ್ತದ. ಬಟ್ಟಿ ಒಗಿಯೂ ಸಬಕಾರ ಮೆತ್ರಿ, ಅದು ಕರಗೂದಿಲ್ಲ,” ಎಂದೆ.

ಕಾಕಾ ಪಡಸಾಲೆಯಿಂದಲೇ ಹೇಳಿದರು, “ನೀರಿನ್ಯಾಗ ಕರಗೋ ಸಬಕಾರ ಪೆಟ್ರೋಲಿನ್ಯಾಗ ನಿಲ್ತದ? ಇದನ್ನೇ ಕಲಿಸಿದ್ರೇನು ಕಾಲೇಜಿನ್ಯಾಗ?”

“ಹಂಗಾರ ಗಾಡಿಗೆ ಎಣ್ಣಿ ಹಚ್ಚಿ ಜಳಕಾನೂ ಮಾಡ್ಸೂಣ್ರಿ,” ಎಂದರು ಡ್ರೈವರ್ ಮಾಮಾ.

ಇಬ್ಬರೂ ನಕ್ಕರು. ನಾನು ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿದೆ; ಎರಡನೆಯ ಸಲ ದನಿ ಇನ್ನೂ ಸಣ್ಣದಾಯಿತು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳಿಗೆ ಒಂದು ವಾಕ್ಯವನ್ನು ಇಬ್ಬರಿಗೆ ಒಪ್ಪಿಸಲಾಗಲಿಲ್ಲ. ಡ್ರೈವರ್ ಮಾಮಾ ಮತ್ತೆ ಮೇಣವನ್ನೇ ಮೆತ್ತಿದರು.

ಭಾನುವಾರ ಮಧ್ಯಾಹ್ನ ಕಾಕಾ ಟಾಕಿಯೊಳಗೆ ಕಡ್ಡಿ ಇಳಿಸಿ ನೋಡಿದರು. “ಇದ್ದದ್ದೂ ಸೋರಿ ಹೋದ್ರ ದಾರ್ಯಾಗ ನಿಂದರ್ತೀರಿ. ಹಾವೇರಿ ಮಿಸ್ತ್ರಿ ಬರೂ ತನಕ ಗಾಡಿ ಹೊರಗ ತಗಿಯೂದು ಬ್ಯಾಡ. ಮುಂದಿನ ವಾರ ಬರ್ತೇನಂತ ಶಾಲಿಗೆ ಒಂದು ಕಾಗದ ಬರಿ.”

ಮುಂದಿನ ವಾರದ ಹೊತ್ತಿಗೆ ಆ ಜಾಗದಲ್ಲಿ ಬೇರೊಬ್ಬಳು ಪಾಠ ಹೇಳುತ್ತಿರುತ್ತಾಳೆಂದು ನನಗೆ ಗೊತ್ತಿತ್ತು. ಆದರೂ “ಹೂಂ” ಎಂದೆ. ಆ ಹೂಂ ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕಾಗದ ಬರೆಯಲಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಎದ್ದೆ. ಬಚ್ಚಲಿನಿಂದ ಬಟ್ಟೆ ಸಬಕಾರದ ತುಂಡು ತಂದು, ನೀರು ಹಚ್ಚಿ ಕಣಕದಂತೆ ನಾದಿದೆ. ಬೆಸುಗೆಯ ಮೇಲಿನ ಮೇಣವನ್ನು ಚಿಂದಿಯಿಂದ ಪೂರ್ತಿ ಒರೆಸಿ, ಸಬಕಾರವನ್ನು ಬಿರುಕಿನೊಳಗೆ ಒತ್ತಿ ತುಂಬಿದೆ. ಕೆಳಗೆ ಹೊಸ ಪತ್ರಿಕೆ ಹಾಸಿದೆ. ಜಳಕ ಮಾಡಿ, ಸೀರೆ ಉಟ್ಟು, ಸರ್ಟಿಫಿಕೇಟುಗಳನ್ನು ತೆಗೆದುಕೊಂಡು ಬಂದು ನೋಡಿದಾಗ ಪತ್ರಿಕೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅದನ್ನು ಮಡಿಸಿ ಕಾಕಾನ ಚಹಾದ ಕಪ್ಪಿನ ಪಕ್ಕದಲ್ಲಿಟ್ಟೆ. ಅವರು ಬಿಡಿಸಿ, ಹೊರಳಿಸಿ, ಮೂಗಿಗೆ ಹಿಡಿದು ನೋಡಿದರು. ಗಾಡಿ ತೆಗೆಯಲು ಅವರು ಡ್ರೈವರ್ ಮಾಮಾನನ್ನು ಕೂಗುವಷ್ಟರಲ್ಲಿ ನಾನು ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಿದ್ದೆ.