ಅಣುಸ್ಥಾವರಗಳ ಪಟ್ಟಿ ಓದುತ್ತಿದ್ದ ಮಾಸ್ತರು

ಮಾಸ್ತರ ಬಲಗೈಯ ತೋರುಬೆರಳು ನಡುಗೆಣ್ಣಿನಿಂದ ಪಕ್ಕಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಬಾವಿಯ ರಾಟೆಗೆ ಸಿಕ್ಕಿತ್ತಂತೆ. ಭೂಪಟದಲ್ಲಿ ಅವರು ಒಂದು ಊರು ಹೇಳಿದರೆ ಬೆರಳು ಇನ್ನೊಂದನ್ನು ತೋರಿಸುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು. “ಕ್ಷಿಪಣಿಯೂ ಹೀಂಗೇ ಮಾರಾಯ್ರೆ, ಗುರಿ ಒಂದು ಕಡೆ, ಬೀಳುದು ಇನ್ನೊಂದು ಕಡೆ.”

ಹೊನ್ನಾವರದ ಕಾಲೇಜಿನಲ್ಲಿ ಅವರು ನಮಗೆ ರಾಜ್ಯಶಾಸ್ತ್ರ ಕಲಿಸಿದರು. ಮದುವೆಯಾಗಿರಲಿಲ್ಲ. ಅಪ್ಸರಕೊಂಡದ ದಾರಿಯಲ್ಲೊಂದು ಬಾಡಿಗೆ ಮನೆ, ಅದರ ತುಂಬ ಹಳೆಯ ಪತ್ರಿಕೆಗಳು. ಪ್ರತಿ ಹೊಸವರ್ಷದ ಮೊದಲ ದಿನ ಭಾರತ ಮತ್ತು ಪಾಕಿಸ್ತಾನ ತಂತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. ಅವುಗಳ ಮೇಲೆ ದಾಳಿ ಮಾಡಬಾರದೆಂಬ ಒಪ್ಪಂದವಿದೆ. ಒಳಪುಟದ ಮೂಲೆಯಲ್ಲಿ ಬರುವ ಆ ಸಣ್ಣ ಸುದ್ದಿಯನ್ನು ಅವರು ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು.

ಒಮ್ಮೆ ನಾನು ಕೇಳಿದೆ: “ಸರ್, ನಮ್ಮ ಕೈಗಾ ಸ್ಥಾವರ ಎಲ್ಲಿದೆ ಅಂತ ಅವರಿಗೆ ನಾವೇ ಎಂತಕ್ಕೆ ಹೇಳುದು?”

“ಅವರಿಗೆ ಗೊತ್ತಿಲ್ಲ ಅಂತ ಮಾಡಿದ್ಯಾ ತಂಗಿ? ಬಾಂಬು ಇಬ್ಬರ ಹತ್ರವೂ ಇದೆ, ಹೆದರಿಕೆಯೂ ಇಬ್ಬರಿಗೂ ಇದೆ. ಹೆದರಿದವರು ಮಾತು ಬಿಟ್ಟುಬಿಟ್ರೆ ಒಂದು ತಪ್ಪು ತಿಳುವಳಿಕೆ ಸಾಕು, ಎಲ್ಲ ಮುಗೀತು. ವರ್ಷಕ್ಕೊಂದ್ಸಲ ಆದ್ರೂ ‘ಇಲ್ಲಿಗೆ ಹೊಡಿಬೇಡ, ನಾನೂ ಹೊಡಿಯುದಿಲ್ಲ’ ಅಂತಾರಲ್ಲ, ಅದೇ ದೊಡ್ಡದು.”

ಮುಂದೆ ನಾನು ಅದೇ ಕಾಲೇಜಿನ ಉಪನ್ಯಾಸಕಿಯಾಗಿ ಕುಮಟಾದಿಂದ ದಿನಾ ಬಸ್ಸಿನಲ್ಲಿ ಓಡಾಡತೊಡಗಿದಾಗ ಅವರು ನಿವೃತ್ತರಾಗಿದ್ದರು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೂವರು ಹಳೆಯ ಗೆಳೆಯರ ಜೊತೆ ಬೆಳಗಿನ ಚಾ ಕುಡಿಯುತ್ತಿದ್ದರು.

ಇತ್ತೀಚೆಗೆ ಗಡಿಯಲ್ಲಿ ಕಾದಾಟ ಶುರುವಾದಾಗ ಆ ಗೆಳೆಯರಲ್ಲೊಬ್ಬರು, “ಒಂದು ಅಣುಬಾಂಬು ಹಾಕಿ ಮುಗಿಸ್ಬಿಡ್ಬೇಕು” ಎಂದರಂತೆ.

“ಹಾಕಿದ್ಮೇಲೆ ಅವರು ಸುಮ್ನೆ ಕೂತ್ಕಂಡಿರ್ತಾರಾ?” ಎಂದರಂತೆ ಮಾಸ್ತರು. “ಅಲ್ಲಿ ಸಾಯುವವರೂ ನಮ್ಮ ಹಾಂಗೆ ಚಾ ಕುಡೀತಾ ಕೂತವ್ರೇ.”

ಪಕ್ಕದ ಮೇಜಿನ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಆ ಕೊನೆಯ ಮಾತಷ್ಟೇ ಊರೆಲ್ಲ ಹರಿದಾಡಿತು, ಕೆಳಗೆ ‘ದೇಶದ್ರೋಹಿ’ ಎಂಬ ಬರಹ. ನನ್ನ ಮೊಬೈಲಿಗೂ ಬಂತು. ನೋಡಿ ಅಳಿಸಿದೆ, ಯಾರಿಗೂ ಒಂದು ಮಾತು ಹೇಳಲಿಲ್ಲ. ಮರುದಿನ ಗೆಳೆಯರು ಮೂವರೂ ಬೇರೆ ಮೇಜಿಗೆ ಹೋದರು.

ಕಾಲೇಜಿನಲ್ಲಿ ನಿಗದಿಯಾಗಿದ್ದ ಮಾಸ್ತರ ಉಪನ್ಯಾಸ ರದ್ದಾಯಿತು. ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ತಡವರಿಸುತ್ತ ಹೇಳಿದೆ.

“ಆತು, ಬರುದಿಲ್ಲ,” ಎಂದರು. “ನನ್ನ ಶಿಷ್ಯೆ ಅಂತ ನಿಂಗೆ ಎಂತ ತೊಂದ್ರೆ ಆಗ್ಲಿಲ್ಲ ಅಲ್ಲ?”

ವಾರದ ಮೇಲೆ ಧೈರ್ಯ ಮಾಡಿ ಆ ಹೋಟೆಲಿಗೆ ಹೋದೆ. ನಾಲ್ಕು ಕುರ್ಚಿಯ ಮೇಜಿನಲ್ಲಿ ಅವರೊಬ್ಬರೇ ಇದ್ದರು. ಎದುರಿಗೆ ಕೂತೆ. ಅವರ ಮುಖ ಅರಳಿತು; ನನಗೆ ಬನ್ಸ್ ತರಿಸಿದರು, ಅಮ್ಮನ ಮಂಡಿನೋವು ವಿಚಾರಿಸಿದರು. ಸುತ್ತಲಿನವರು ನಮ್ಮನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮತ್ತೆ ಮತ್ತೆ ಅತ್ತ ಹೋಗುತ್ತಿದ್ದುದನ್ನು ಅವರು ಗಮನಿಸಿರಬೇಕು.

“ಕಾಲೇಜಿಗೆ ತಡ ಆಗ್ತದೆ ತಂಗಿ, ಹೋಗು.”

ನಾನು ತಟ್ಟನೆ ಎದ್ದೆ. ಬನ್ಸ್ ಅರ್ಧ ಹಾಗೇ ಉಳಿಯಿತು.

ಆ ವರ್ಷದ ಮಳೆಗಾಲದಲ್ಲೇ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಾಗ ದಹನ ಮುಗಿದಿತ್ತು. ಆ ಮೂವರಲ್ಲಿ ಒಬ್ಬರು ಮಾತ್ರ ಹೋಗಿದ್ದರಂತೆ.

ಹೋಟೆಲಿನಲ್ಲಿ ಅವರೆದುರು ಕೂತಿದ್ದ ಆ ದಿನ ನನ್ನ ಮೊದಲ ತರಗತಿ ಇದ್ದದ್ದು ಹನ್ನೊಂದಕ್ಕೆ. ನಾನು ಎದ್ದಾಗ ಒಂಬತ್ತೂ ಆಗಿರಲಿಲ್ಲ. ಗೋಡೆಯ ಗಡಿಯಾರ ಅವರ ಎದುರಿಗೇ ಇತ್ತು.