ಬೀರಪ್ಪನೊಡನೆ ಜಗಳಾಡುತ್ತಿದ್ದ ಮಾಳವ್ವ

ದೇವರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದವಳು ನಮ್ಮ ಬೇವೂರಿನಲ್ಲಿ ಮಾಳವ್ವ ಚಿಗವ್ವ ಒಬ್ಬಳೇ. ನಮ್ಮ ಪಕ್ಕದ ಮನೆಯವಳು. ಗಂಡ ಸತ್ತ ಮೇಲೆ ಕುರಿ ಸಾಕಿ ಬದುಕಿದವಳು. ಪ್ರತಿ ಅಮಾವಾಸ್ಯೆ ಬೀರಪ್ಪನ ಗುಡಿಯಲ್ಲಿ ಕಾಯಿ ಒಡೆಸಿ, ಆಮೇಲೆ ಅವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. “ಬೈಯೋದು ಬ್ಯಾರೆ, ಬಿಡೋದು ಬ್ಯಾರೆ. ಬಿಟ್ಟವರಿಗೆ ಯಾರರೆ ಬೈತಾರೇನವಾ?” ಎನ್ನುತ್ತಿದ್ದಳು ನನಗೆ.

ಅವಳ ಒಬ್ಬಳೇ ಮಗಳು ರೇಣುಕಾ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ವರ್ಷ ತುಂಬಿದ ಮೇಲೆ ಹುನಗುಂದದ ಅಳಿಯ ಶಾಂತಾ ಎಂಬ ತಂದೆತಾಯಿಯಿಲ್ಲದ ಹುಡುಗಿಯನ್ನು ಮದುವೆಯಾದ. ಅವಳು ಬಸುರಾದಾಗ ಬಂದು ಮಾಳವ್ವನ ಬಾಗಿಲಲ್ಲಿ ನಿಂತ.

“ಅತ್ತಿ, ಆಕಿಗೆ ತವರಿಲ್ಲ. ಬಾಣಂತನ ನೀವ ಮಾಡ್ಬೇಕ್ರಿ.”

“ಬೀರಪ್ಪ ಹೂ ಕೊಟ್ರ ಮಾಡ್ತೇನಿ,” ಎಂದಳು. ಕೊಡಲಾರನೆಂದೇ ನಂಬಿದ್ದಳು.

ಗುಡಿಗೆ ನಾನೂ ಹೋಗಿದ್ದೆ. ದೇವರಿಗೆ ಏರಿಸಿದ ಹೂ ಎಡಕ್ಕೆ ಬಿದ್ದರೆ ಬೇಡ, ಬಲಕ್ಕೆ ಬಿದ್ದರೆ ಅಪ್ಪಣೆ. ಬಲಕ್ಕೇ ಬಿತ್ತು.

“ಇನ್ನೊಮ್ಮೆ ಕೇಳ್ರಿ,” ಎಂದಳು.

“ಕೊಟ್ಟ ಹೂ ತಿರುಗಿ ಕೇಳಬಾರ್ದು, ತಂಗಿ,” ಎಂದ ಪೂಜಾರಿ.

ಮಾಳವ್ವ ಗರ್ಭಗುಡಿಯ ಹೊಸ್ತಿಲ ತನಕ ಹೋದಳು. “ನನ್ನ ಮಗಳು ಸಾಯುವಾಗ ಸುಮ್ಮ ಕುಂತಿದ್ದಿ. ಈಗ ಆಕಿ ಸವತಿನ್ನ ಜ್ವಾಪಾನ ಮಾಡಂತಿ. ಇದು ಯಾವ ನ್ಯಾಯ, ನನಗ ತಿಳಿವಲ್ದು. ನೀ ಹೇಳಿದ್ದಕ್ಕ ಮಾಡ್ತೇನಿ. ಆದ್ರ ಇದು ಸರಿ ಅಂತ ನನ್ನ ಬಾಯಾಗ ಬರಂಗಿಲ್ಲ.” ಹಾಗೆಂದು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಹೊರಟಳು.

ಮಾಳವ್ವನ ಅಣ್ಣ ಬಂದು ಕೂಗಾಡಿದ: “ಮಗಳ ಜಾಗಾಕ್ಕ ಬಂದಾಕಿನ್ನ ಮನಿಯಾಗ ಇಟ್ಕೊಂತಿ, ನಾಚಿಕಿಲ್ಲ ನಿನಗ?”

“ನನಗೂ ಮನಸಿಲ್ಲಣ್ಣಾ. ಹೂ ಕೊಟ್ಟಾಂವ ಗುಡ್ಯಾಗ ಅದಾನ, ಅವನ್ನ ಹೋಗಿ ಕೇಳು.”

ಮೊದಮೊದಲು ಶಾಂತಾಳಿಗೆ ಹೊತ್ತುಹೊತ್ತಿಗೆ ಬಿಸಿ ರೊಟ್ಟಿ ಹಾಕುತ್ತಿದ್ದಳೇ ಹೊರತು ಮಾತಿಲ್ಲ. ಒಂದು ಸಂಜೆ ಆ ಹುಡುಗಿ ಅಳುತ್ತ, “ನಾನೂ ಅಕ್ಕನಂಗ ಸಾಯ್ತೇನೇನ್ರಿ?” ಎಂದಳು. ಮಾಳವ್ವ ಹಿಟ್ಟಿನ ಕೈಯಲ್ಲೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. “ಈ ಸಲ ಬಾಗಲಾಗ ನಾ ಕುಂತಿರ್ತೇನಿ.”

ಬಾಗಲಕೋಟೆಯ ದವಾಖಾನೆಯಲ್ಲಿ ಹಾಗೇ ಕುಳಿತಳು. ಸಿಸ್ಟರ್ ಬೈದರೂ ಹೆರಿಗೆ ಕೋಣೆಯ ಬಾಗಿಲು ಬಿಟ್ಟೇಳಲಿಲ್ಲ. ಹೆಣ್ಣುಕೂಸು ಹುಟ್ಟಿತು, ತಾಯಿ ಸುಖವಾಗಿದ್ದಳು. ಕೂಸನ್ನು ಮಡಿಲಲ್ಲಿಟ್ಟಾಗ ಮಾಳವ್ವ ರೇಣುಕಾಳ ಹೆಸರು ಹಿಡಿದು ಅತ್ತಳು. ಅವಳ ಅಳು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಅಮಾವಾಸ್ಯೆಗೆ ಕೈ ಮುಗಿಯುತ್ತಾಳೆಂದುಕೊಂಡೆ. ಕಾಯಿ ಒಡೆಸಿ, ಮತ್ತೆ ಸೊಂಟಕ್ಕೆ ಕೈಯಿಟ್ಟಳು. “ನೀ ಹೇಳಿದ್ದು ಮುಗೀತು. ರೇಣುಕಾನ ಮಾತು ಹಂಗ ಉಳದೈತಿ.”

ಅವಳನ್ನು ಕೊನೆಗೆ ನೋಡಿದ್ದು ಹೋದ ವರ್ಷ, ನವನಗರದ ಆಸ್ಪತ್ರೆಯಲ್ಲಿ. ಏಳಲಾಗುತ್ತಿರಲಿಲ್ಲ. ಶಾಂತಾ ಪಕ್ಕದಲ್ಲಿ ಕೂತು ಅವಳ ತಲೆ ಬಾಚುತ್ತಿದ್ದಳು. ಹೊಸ ಸಿಸ್ಟರೊಬ್ಬಳು, “ಮಕ್ಕಳೆಷ್ಟು ಅಜ್ಜಿ?” ಎಂದು ಕೇಳಿದಳು.

“ಇಬ್ಬರು ಹೆಣ್ಮಕ್ಳು. ಒಬ್ಬಾಕಿನ್ನ ಬೀರಪ್ಪ ಕಸಗೊಂಡ. ಈಕಿನ್ನ ಅವನೇ ಕೊಟ್ಟ. ಎರಡಕ್ಕೂ ಯಾಕಂತ ಹೇಳಿಲ್ಲ.”